ಇಲಾಖೆಯ ಸಂಬಳದ ಬಾಬು: ಅದರ ಮಂಜೂರಾತಿಯೂ ಲೆಕ್ಕವೂ

ಪ್ರತಿವರ್ಷವೂ ಆಯವ್ಯಯದ ಅಂದಾಜುಪಟ್ಟಿಯು ವಿಧಾನಮಂಡಲದ ಮುಂದೆ ಬಂದ ಮರುದಿನ ಊರೂರ ಜಗಲಿಗಳಲ್ಲಿ ಒಂದು ಮಾತು ಕೇಳಿಬರುವುದುಂಟು: ಬೇಸಾಯಕ್ಕೆಂದು ಕೊಟ್ಟ ಹಣವೆಲ್ಲ ನೌಕರರ ಸಂಬಳಕ್ಕೇ ಹೋಯಿತೆಂದು. ಅದೇ ಜಗಲಿಯಲ್ಲಿ ಅದೇ ಮಹಾಶಯರು ಮತ್ತೊಂದು ದಿನ ಕುಳಿತು, ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುವ ಒಬ್ಬ ಸಹಾಯಕನೂ ಇಲ್ಲವೆಂದು ದೂರುವುದೂ ಉಂಟು. ಈ ಎರಡು ಮಾತುಗಳೂ ಏಕಕಾಲದಲ್ಲಿ ನಿಜವಾಗಿರಬಲ್ಲವೇ ಎಂದು ಕೇಳಿದರೆ, ಇರಬಲ್ಲವೆಂದೇ ಹೇಳಬೇಕಾಗುತ್ತದೆ. ಸಂಬಳದ ಮೊಬಲಗು ಏರಿದ ಮಾತ್ರಕ್ಕೆ ಕೆಲಸದಾಳುಗಳ ಸಂಖ್ಯೆ ಏರಿತೆಂದು ತಿಳಿಯಬಾರದು. ಮೊಬಲಗು ಉಳಿದ ಮಾತ್ರಕ್ಕೆ ಸರ್ಕಾರವು ಮಿತವ್ಯಯ ಮಾಡಿತೆಂದೂ ತಿಳಿಯಬಾರದು. ಇದು ಹೇಗೆಂಬುದನ್ನು ಅರಿಯಲು, ಸರ್ಕಾರವು ಸಂಬಳದ ಹಣವನ್ನು ಯಾರ ಅಪ್ಪಣೆಯಿಂದ ತೆಗೆಯುತ್ತದೆ, ಯಾವ ಪುಸ್ತಕದಲ್ಲಿ ಬರೆಯುತ್ತದೆ, ವರ್ಷಾಂತ್ಯವಾದ ಮೇಲೆ ಯಾರಿಗೆ ಲೆಕ್ಕ ಒಪ್ಪಿಸುತ್ತದೆ ಎಂಬ ಮೂರು ಸಂಗತಿಗಳನ್ನು ವಾಚಕರು ತಿಳಿದಿರುವುದು ಅವಶ್ಯಕ.

ಮೊದಲು ಅಪ್ಪಣೆಯ ವಿಚಾರ. ರಾಜ್ಯಕ್ಕೆ ಬರುವ ಕಂದಾಯ, ತೆರಿಗೆ, ಸಾಲ ಮುಂತಾದವೆಲ್ಲವೂ ಸಂವಿಧಾನದ 266ನೆಯ ಅನುಚ್ಛೇದದಂತೆ ಸಂಚಿತ ನಿಧಿ ಎಂಬ ಒಂದೇ ಬೊಕ್ಕಸಕ್ಕೆ ಸೇರತಕ್ಕವು. ಸೇರುವುದು ಸುಲಭ, ಹೊರಡುವುದು ಸುಲಭವಲ್ಲ. 202ನೆಯ ಅನುಚ್ಛೇದದಂತೆ ವರ್ಷದ ಹಣಕಾಸಿನ ತಖ್ತೆಯು ವಿಧಾನಮಂಡಲದ ಮುಂದೆ ಬರಬೇಕು. 203ರಂತೆ ಒಂದೊಂದು ಇಲಾಖೆಯ ಖರ್ಚೂ ಅನುದಾನದ ಬೇಡಿಕೆಯ ರೂಪದಲ್ಲಿ ವಿಧಾನಸಭೆಯ ಮತಕ್ಕೆ ಹೋಗಬೇಕು. ಸಭೆಯು ಅದಕ್ಕೆ ಒಪ್ಪಬಹುದು, ನಿರಾಕರಿಸಬಹುದು, ಅಥವಾ ಕಡಿಮೆ ಮಾಡಬಹುದು. ಆದರೆ ಹೆಚ್ಚಿಸುವ ಅಧಿಕಾರ ಸಭೆಗಿಲ್ಲ. ಆ ಮೇಲೆ 204ರಂತೆ ಧನವಿನಿಯೋಗ ವಿಧೇಯಕವು ಅಂಗೀಕಾರವಾಗಿ ಕಾನೂನಾದ ಹೊರತು ಒಂದು ಕಾಸೂ ಬೊಕ್ಕಸದಿಂದ ಈಚೆಗೆ ಬರತಕ್ಕದ್ದಲ್ಲ. ರಾಜ್ಯಪಾಲರ ಉಪಲಬ್ಧಿ, ಉಚ್ಚ ನ್ಯಾಯಾಲಯದ ನ್ಯಾಯಾಧೀಶರ ವೇತನ, ಸಾಲದ ಬಡ್ಡಿ ಮೊದಲಾದ ಕೆಲವು ಬಾಬುಗಳು ಮಾತ್ರ ಪ್ರಭೃತವೆಂಬ ಹೆಸರಿನಿಂದ ಮತದ ಹೊರಗಿರುವುವು. ಅವುಗಳ ಮೇಲೆ ಚರ್ಚೆಯುಂಟು, ಮತವಿಲ್ಲ. ಕೃಷಿ ಸಹಾಯಕರಿಂದ ಹಿಡಿದು ನಿರ್ದೇಶಕರ ವರೆಗೆ ನಮ್ಮ ಇಲಾಖೆಯವರ ಸಂಬಳವು ಈ ವಿಶೇಷ ವರ್ಗಕ್ಕೆ ಸೇರಿದುದಲ್ಲ. ಅದು ವರ್ಷವರ್ಷವೂ ನಿಮ್ಮ ಪ್ರತಿನಿಧಿಗಳ ಮತದಿಂದಲೇ ಮಂಜೂರಾಗತಕ್ಕದ್ದು.

ಈ ಅಧಿಕಾರವು ನಮ್ಮ ನಾಡಿಗೆ ಸಂವಿಧಾನದೊಡನೆಯೇ ಮೊದಲಾಗಿ ಬಂದುದೆಂದು ಭಾವಿಸಬಾರದು. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯೂ 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಏರ್ಪಟ್ಟಿದ್ದರೂ, ಖರ್ಚಿನ ಬೇಡಿಕೆಗಳ ಮೇಲೆ ಮತ ಕೊಡುವ ಹಕ್ಕು ನ್ಯಾಯವಿಧಾಯಕ ಸಭೆಗೆ ಲಭಿಸಿದುದು 1923ರ ಸುಧಾರಣೆಗಳಿಂದ. ಆಗ ಸಂಸ್ಥಾನದ ಲೆಕ್ಕದ ವರ್ಷವು ಜುಲೈ 1ಕ್ಕೆ ಆರಂಭವಾಗುತ್ತಿದ್ದಿತು. ಈಗಿನದು ಏಪ್ರಿಲ್ 1ಕ್ಕೆ. ಬೇಸಾಯಗಾರನ ದೃಷ್ಟಿಯಿಂದ ಎರಡರಲ್ಲಿ ಯಾವುದು ಮೇಲೆಂಬುದು ವಾದಕ್ಕೆ ಎಡೆಯುಳ್ಳ ವಿಷಯ. ಏಪ್ರಿಲ್ಲಿನಲ್ಲಿ ಮಂಜೂರಾದ ಹಣವು ರೋಹಿಣಿ ಮಳೆಗೆ ಮುಂಚೆ ಹೋಬಳಿಗೆ ತಲಪುವುದಾದರೆ ಈಗಿನ ಏರ್ಪಾಡಿನಲ್ಲಿ ದೋಷವೇನೂ ಇಲ್ಲವೆಂದು ನನ್ನ ಅಭಿಪ್ರಾಯ.

ಇನ್ನು ಪುಸ್ತಕದ ವಿಚಾರ. ಕರ್ನಾಟಕದ ಆಯವ್ಯಯದಲ್ಲಿ ಕೃಷಿ ಮತ್ತು ತೋಟಗಾರಿಕೆಯದು 1ನೆಯ ಬೇಡಿಕೆ. ಆ ಬೇಡಿಕೆಯೊಳಗೆ ಖರ್ಚನ್ನು ಪ್ರಧಾನ ಶೀರ್ಷಿಕೆಗಳಾಗಿ ವಿಂಗಡಿಸಿರುತ್ತಾರೆ. ಇವುಗಳ ಸಂಖ್ಯೆಯು ಭಾರತದ ಎಲ್ಲ ರಾಜ್ಯಗಳಿಗೂ ಒಂದೇ ಆಗಿರುವುದರಿಂದ ಒಮ್ಮೆ ನೆನಪಿಟ್ಟುಕೊಂಡರೆ ಎಲ್ಲಿಯಾದರೂ ಉಪಯೋಗಕ್ಕೆ ಬರುವುದು. 2401 ಎಂದರೆ ಬೆಳೆಯ ಸಾಗುವಳಿ, 2402 ಎಂದರೆ ಭೂಸಾರ ಮತ್ತು ಜಲಸಂರಕ್ಷಣೆ, 2415 ಎಂದರೆ ಕೃಷಿ ಸಂಶೋಧನೆ ಮತ್ತು ಶಿಕ್ಷಣ. 2401ರ ಕೆಳಗೆ ಕಿರು ಶೀರ್ಷಿಕೆಗಳು ಬರುವುವು: 001 ನಿರ್ದೇಶನ ಮತ್ತು ಆಡಳಿತ, 103 ಬೀಜ, 105 ಗೊಬ್ಬರ, 107 ಸಸ್ಯಸಂರಕ್ಷಣೆ, 109 ವಿಸ್ತರಣೆ ಮತ್ತು ರೈತ ತರಬೇತಿ, ಇತ್ಯಾದಿ. ಕಟ್ಟಕಡೆಯ ಮೆಟ್ಟಲು ಉದ್ದೇಶ ಶೀರ್ಷಿಕೆ. ಹಣವು ಯಾವ ರೂಪದಲ್ಲಿ ಖರ್ಚಾಯಿತೆಂಬುದನ್ನು ಹೇಳುವುದು ಇದೇ. ಅಧಿಕಾರಿಗಳ ವೇತನ, ಸಿಬ್ಬಂದಿಯ ವೇತನ, ತುಟ್ಟಿಭತ್ಯೆ, ಇತರ ಭತ್ಯೆಗಳು, ವೈದ್ಯಕೀಯ ವೆಚ್ಚ ಇವೆಲ್ಲವೂ ಪ್ರತ್ಯೇಕ ಸಾಲುಗಳು. ಒಂದೊಂದು ಸಾಲಿಗೂ ನಾಲ್ಕು ಅಂಕಿಗಳಿರುವುವು. 2025-26ರ ಪುಸ್ತಕವನ್ನು ತೆರೆದರೆ, ಮೊದಲನೆಯದು 2023-24ರಲ್ಲಿ ವಾಸ್ತವವಾಗಿ ಆದ ಖರ್ಚು. ಎರಡನೆಯದು 2024-25ಕ್ಕೆ ಮೊದಲು ಮಾಡಿದ ಅಂದಾಜು. ಮೂರನೆಯದು ಅದೇ ವರ್ಷಕ್ಕೆ ಮಧ್ಯದಲ್ಲಿ ತಿದ್ದಿದ ಪರಿಷ್ಕೃತ ಅಂದಾಜು. ನಾಲ್ಕನೆಯದು ಹೊಸ ವರ್ಷದ ಅಂದಾಜು. ಸಾಮಾನ್ಯವಾಗಿ ವೃತ್ತಪತ್ರಿಕೆಗಳಲ್ಲಿ ಅಚ್ಚಾಗುವುದು ನಾಲ್ಕನೆಯದು ಮಾತ್ರ. ಇಲಾಖೆಯ ನಿಜಸ್ಥಿತಿಯನ್ನು ಹೇಳುವುದು ಮೊದಲನೆಯದು.

ಜಿಲ್ಲಾ ಪಂಚಾಯತಿಗಳ ವಲಯಕ್ಕೆ ಸೇರಿದ ಬಾಬುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅವು ಮುಖ್ಯ ಪುಸ್ತಕದಲ್ಲಿ 196 ಎಂಬ ಕಿರು ಶೀರ್ಷಿಕೆಯಡಿ ಒಟ್ಟು ಮೊತ್ತವಾಗಿ ಕಾಣುವುವೇ ಹೊರತು, ಯಾವ ಜಿಲ್ಲೆಗೆ ಎಷ್ಟೆಂಬ ವಿವರವು ಬೇರೊಂದು ಸಂಪುಟದಲ್ಲಿರುವುದು. ಆದಕಾರಣ ಮುಖ್ಯ ಪುಸ್ತಕವೊಂದನ್ನೇ ನೋಡಿ ತಮ್ಮ ಜಿಲ್ಲೆಗೆ ಸಂಬಳವೇ ಇಟ್ಟಿಲ್ಲವೆಂದು ಗಾಬರಿಯಾಗುವುದಕ್ಕೆ ಕಾರಣವಿಲ್ಲ. ಹಾಗೆಯೇ 2011ರಿಂದ ಕೆಲವು ವರ್ಷ ರಾಜ್ಯದಲ್ಲಿ ಮಂಡಿಸಿದ ಪ್ರತ್ಯೇಕ ಕೃಷಿ ಆಯವ್ಯಯವು ಅನೇಕ ಇಲಾಖೆಗಳ ಬಾಬುಗಳನ್ನು ಒಂದೆಡೆ ಕೂಡಿಸಿದ ಸಂಕಲನವಾಗಿತ್ತು. ಮತಕ್ಕೆ ಹೋಗುತ್ತಿದ್ದುದು ಆಯಾ ಇಲಾಖೆಯ ಬೇಡಿಕೆಯೇ.

ಈಗ ಸಂಬಳದ ಅಂದಾಜನ್ನು ಮಾಡುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಏಕೆಂದರೆ ತಪ್ಪು ತಿಳಿವಳಿಕೆಗಳೆಲ್ಲ ಹುಟ್ಟುವುದು ಇಲ್ಲಿಯೇ. ಪ್ರತಿಯೊಂದು ಕಚೇರಿಗೂ ಸರ್ಕಾರದ ಆಜ್ಞೆಯಿಂದ ಮಂಜೂರಾದ ಹುದ್ದೆಗಳ ಒಂದು ಸಂಖ್ಯೆಯಿರುವುದು. ಆ ಹುದ್ದೆಗಳಲ್ಲಿ ವಾಸ್ತವವಾಗಿ ಕೆಲಸ ಮಾಡುತ್ತಿರುವವರ ಸಂಖ್ಯೆ ಮತ್ತೊಂದು. ಹುದ್ದೆಯ ಮಂಜೂರಾತಿ ಬೇರೆ, ಹಣದ ಮಂಜೂರಾತಿ ಬೇರೆ. ಮೊದಲನೆಯದು ಒಮ್ಮೆ ಆದರೆ ರದ್ದಾಗುವ ವರೆಗೆ ನಿಲ್ಲುವುದು. ಎರಡನೆಯದು ಮಾರ್ಚ್ 31ರ ರಾತ್ರಿಗೆ ಮುಗಿದುಹೋಗುವುದು. ಲೆಕ್ಕದ ನೀತಿಯಂತೆ ಅಂದಾಜು ಮಾಡತಕ್ಕದ್ದು ಇರುವ ಆಳುಗಳಿಗೆ ಮತ್ತು ಆ ವರ್ಷದಲ್ಲಿ ಖಂಡಿತವಾಗಿ ಬರತಕ್ಕ ಆಳುಗಳಿಗೆ, ಬರಿದಾದ ಕುರ್ಚಿಗಳಿಗಲ್ಲ.

ಉದಾಹರಣೆಗೆ ಒಂದು ಕಲ್ಪಿತ ತಾಲ್ಲೂಕನ್ನು ತೆಗೆದುಕೊಳ್ಳೋಣ. ಅಲ್ಲಿ 20 ಹುದ್ದೆಗಳು ಮಂಜೂರಾಗಿವೆ. 12 ಜನ ಇದ್ದಾರೆ. ಲೆಕ್ಕದ ಸೌಕರ್ಯಕ್ಕಾಗಿ ಒಬ್ಬೊಬ್ಬರಿಗೂ ಎಲ್ಲ ಭತ್ಯೆಗಳೂ ಸೇರಿ ತಿಂಗಳಿಗೆ 50,000 ರೂಪಾಯಿಯೆಂದು ಇಟ್ಟುಕೊಳ್ಳೋಣ. ಮಂಜೂರಾದ ಹುದ್ದೆಗಳೆಲ್ಲಕ್ಕೂ ಹಣವಿಟ್ಟರೆ ವರ್ಷಕ್ಕೆ 1,20,00,000 ರೂ. ಆಗುವುದು. ಇರುವವರಿಗೆ ಮಾತ್ರ ಇಟ್ಟರೆ 72,00,000 ರೂ. ಸಾಕು. ನಡುವಣ 48,00,000 ರೂಪಾಯಿಯು ಪುಸ್ತಕದಲ್ಲಿದ್ದರೂ ಅದರಿಂದ ಹೊಲಕ್ಕೆ ಹೋಗುವವನು ಒಬ್ಬನೂ ಇರುವುದಿಲ್ಲ. ಈಗ ನವೆಂಬರ್ 1ಕ್ಕೆ ನಾಲ್ಕು ಜನ ಹೊಸಬರು ಬಂದು ಸೇರುತ್ತಾರೆನ್ನೋಣ. ಅವರಿಗೆ ಆ ವರ್ಷದ ಲೆಕ್ಕದಲ್ಲಿ ಎಷ್ಟು ತಿಂಗಳ ಸಂಬಳ ಬೀಳುವುದು? ಮಾರ್ಚ್ ಕೊನೆಯ ವರೆಗೆ ಐದು ತಿಂಗಳೆಂದು ಯಾರಿಗಾದರೂ ತೋರುವುದು ಸಹಜ. ಆದರೆ ನಾಲ್ಕೇ. ಮಾರ್ಚ್ ತಿಂಗಳ ಸಂಬಳವು ಏಪ್ರಿಲ್ಲಿನಲ್ಲಿ ಬಟವಾಡೆಯಾಗುವುದರಿಂದ ಅದು ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ಸರ್ಕಾರದ ಸಂಬಳದ ವರ್ಷವು ಈ ರೀತಿಯಾಗಿ ಮಾರ್ಚಿನಿಂದ ಫೆಬ್ರವರಿಯ ವರೆಗೆ ನಡೆಯುವುದು. ಹೊಸಬರಿಗೆ ಬೇಕಾದುದು 8,00,000 ರೂ.; ಕಚೇರಿಯ ಒಟ್ಟು 80,00,000 ರೂ.

ಇಷ್ಟಕ್ಕೆ ನಿಲ್ಲುವುದಿಲ್ಲ. ಜುಲೈಯಿಂದ ಮೂಲವೇತನದ ಮೇಲೆ ನೂರಕ್ಕೆ 3ರಂತೆ ತುಟ್ಟಿಭತ್ಯೆ ಏರಿತೆನ್ನೋಣ. ಸರಾಸರಿ ಮೂಲವೇತನ 40,000 ರೂ. ಆದರೆ ತಲೆಗೆ ತಿಂಗಳಿಗೆ 1,200 ರೂ. ಹೆಚ್ಚು. ಹಳೆಯ 12 ಜನರಿಗೆ ಜುಲೈಯಿಂದ ಫೆಬ್ರವರಿಯ ವರೆಗೆ ಎಂಟು ತಿಂಗಳಿಗೆ 1,15,200 ರೂ., ಹೊಸ ನಾಲ್ವರಿಗೆ ನಾಲ್ಕು ತಿಂಗಳಿಗೆ 19,200 ರೂ., ಒಟ್ಟು 1,34,400 ರೂ. ಇದನ್ನು ಆಯವ್ಯಯ ಮಾಡಿದ ದಿನ ನಿಖರವಾಗಿ ಹೇಳಬಲ್ಲವರು ಯಾರೂ ಇಲ್ಲ. ಪರಿಷ್ಕೃತ ಅಂದಾಜು ಇರುವುದು ಇಂಥವುಗಳಿಗಾಗಿಯೇ. ಮೊದಲಿನ ಮಂಜೂರಾತಿಯು ಸಾಲದೆ ಬಂದರೆ 205ನೆಯ ಅನುಚ್ಛೇದದಂತೆ ಪೂರಕ ಅಂದಾಜನ್ನು ಸಭೆಯ ಮುಂದಿಟ್ಟು ಮತ್ತೆ ಮತ ಪಡೆಯಬೇಕು. ಚುನಾವಣೆಯ ವರ್ಷದಲ್ಲಿ ಪೂರ್ಣ ಆಯವ್ಯಯಕ್ಕೆ ಒಪ್ಪಿಗೆ ಸಿಗುವುದು ತಡವಾಗುವುದುಂಟು. 2023ರಲ್ಲಿ ನಮ್ಮ ರಾಜ್ಯದಲ್ಲಿ ಫೆಬ್ರವರಿ 17ರಂದು ಒಂದು, ಹೊಸ ಸರ್ಕಾರ ಬಂದ ಮೇಲೆ ಜುಲೈ 7ರಂದು ಮತ್ತೊಂದು, ಹೀಗೆ ಎರಡು ಆಯವ್ಯಯಗಳು ಮಂಡನೆಯಾದುವು. ಇಂಥ ಸಂಧಿಕಾಲದಲ್ಲಿ ಸಂಬಳ ನಿಲ್ಲದಿರಲೆಂದು 206ನೆಯ ಅನುಚ್ಛೇದವು ಕೆಲವು ತಿಂಗಳ ಖರ್ಚಿಗೆ ಲೇಖಾನುದಾನವನ್ನು ಪಡೆಯಲು ಅವಕಾಶ ಕೊಟ್ಟಿದೆ.

ವೇತನ ಪರಿಷ್ಕರಣದ ವರ್ಷಗಳಲ್ಲಂತೂ ಅಂಕಿಗಳನ್ನು ಬಹು ಜಾಗರೂಕತೆಯಿಂದ ಓದಬೇಕು. ರಾಜ್ಯದ ಏಳನೆಯ ವೇತನ ಆಯೋಗವು 2022ರ ನವೆಂಬರಿನಲ್ಲಿ ನೇಮಕವಾಯಿತು. 2023ರ ಏಪ್ರಿಲ್ 1ರಿಂದ ಮೂಲವೇತನದ ನೂರಕ್ಕೆ 17ರಷ್ಟು ಮಧ್ಯಂತರ ಪರಿಹಾರವು ಕೊಡಲ್ಪಟ್ಟಿತು. ಹೊಸ ವೇತನಶ್ರೇಣಿಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದುವು. ಕನಿಷ್ಠ ಮೂಲವೇತನವು 17,000ದಿಂದ 27,000 ರೂಪಾಯಿಗೆ ಏರಿತು. ಮೊದಲ ನೋಟಕ್ಕೆ ಇದು ನೂರಕ್ಕೆ 58ಕ್ಕಿಂತ ಹೆಚ್ಚಿನ ಏರಿಕೆಯಂತೆ ಕಾಣುವುದು. ಆದರೆ ಅದರಲ್ಲಿ 31 ಭಾಗವು ಅದುವರೆಗೆ ತುಟ್ಟಿಭತ್ಯೆಯೆಂಬ ಹೆಸರಿನಲ್ಲಿ ಸಲ್ಲುತ್ತಿದ್ದುದನ್ನು ಮೂಲವೇತನದೊಳಗೆ ಸೇರಿಸಿದುದು. ಹೊಸದಾಗಿ ಕೂಡಿಸಿದುದು 27.5 ಭಾಗ. ಆದ್ದರಿಂದ ಆ ವರ್ಷ ವೇತನವೆಂಬ ಸಾಲು ಒಮ್ಮೆಗೇ ಉಬ್ಬುವುದು, ತುಟ್ಟಿಭತ್ಯೆಯ ಸಾಲು ಕುಗ್ಗುವುದು, ಮಧ್ಯಂತರ ಪರಿಹಾರದ ಸಾಲು ಮಾಯವಾಗುವುದು. ಒಂದೇ ಸಾಲನ್ನು ನೋಡಿ ನಗುವವರೂ ಅಳುವವರೂ ಇಬ್ಬರೂ ಮೋಸಹೋಗುವರು. ಮೂರನ್ನೂ ಕೂಡಿಸಿ ಹಿಂದಿನ ವರ್ಷದ ಮೊತ್ತದೊಡನೆ ಹೋಲಿಸಬೇಕು. ಹೋಲಿಸಿದ ಮೇಲೂ ಒಂದು ಮಾತು ಉಳಿಯುತ್ತದೆ. ಈ ಏರಿಕೆಯಿಂದ ಇದ್ದವರ ಜೀವನ ಸುಧಾರಿಸಿತು, ಅದು ನ್ಯಾಯವೇ. ಆದರೆ ಹೋಬಳಿಗೆ ಒಬ್ಬ ಹೊಸ ಸಹಾಯಕನೂ ಬರಲಿಲ್ಲ. ಜಗಲಿಯ ಎರಡು ಮಾತುಗಳೂ ಜೊತೆಯಾಗಿ ನಿಜವಾಗುವುದು ಹೀಗೆ.

ಸಂಬಳವೆಂಬ ಸಾಲುಗಳಲ್ಲಿ ಕಾಣದೆ ಬೇರೆಡೆ ಅಡಗಿರುವ ಸಂಬಳವೂ ಬಹಳವುಂಟು. ನಿವೃತ್ತರಾದವರ ಪಿಂಚಣಿಯು ಕೃಷಿಯ ಬೇಡಿಕೆಯಲ್ಲಿಲ್ಲ; ಅದು 2071 ಎಂಬ ಪ್ರತ್ಯೇಕ ಶೀರ್ಷಿಕೆಗೆ ಸೇರಿದುದು. ಕೃಷಿ ವಿಶ್ವವಿದ್ಯಾನಿಲಯಗಳ ಅಧ್ಯಾಪಕರ ವೇತನವು 2415ರ ಕೆಳಗೆ ಸಹಾಯಾನುದಾನವಾಗಿ ಹೋಗುವುದರಿಂದ ಇಲಾಖೆಯ ವೇತನದೊಡನೆ ಬೆರೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗುತ್ತಿಗೆಯ ಮೇಲೆ ಅಥವಾ ಹೊರಗುತ್ತಿಗೆಯ ಏಜೆನ್ಸಿಗಳ ಮೂಲಕ ನೇಮಕವಾದವರಿಗೆ ಕೊಡುವ ಹಣವು ಇತರ ವೆಚ್ಚಗಳೆಂಬ ಸಾಲಿನಲ್ಲೋ ಯೋಜನೆಗಳ ಅನುದಾನದಲ್ಲೋ ಸೇರಿಹೋಗುವುದು. 2005-06ರಲ್ಲಿ ಪ್ರಾರಂಭವಾದ ಆತ್ಮ ಯೋಜನೆಯಡಿ ತಾಲ್ಲೂಕು ಮಟ್ಟದಲ್ಲಿ ದುಡಿಯುವ ತಾಂತ್ರಿಕ ವ್ಯವಸ್ಥಾಪಕರನ್ನು ರೈತರು ಇಲಾಖೆಯವರೆಂದೇ ತಿಳಿದಿರುವರು. ಹುಳು ಬಿದ್ದ ತೊಗರಿಯ ಕಾಯನ್ನು ತೋರಿಸುವುದೂ ಅವರಿಗೇ. ಲೆಕ್ಕದ ಪುಸ್ತಕವು ಅವರನ್ನು ಸಿಬ್ಬಂದಿಯ ವೇತನದ ಸಾಲಿನಲ್ಲಿ ಗುರುತಿಸುವುದಿಲ್ಲ. ಈ ಪದ್ಧತಿಯು ನಿಯಮಕ್ಕೆ ವಿರೋಧವಲ್ಲದಿರಬಹುದು. ಆದರೂ ಒಂದು ಇಲಾಖೆಯಲ್ಲಿ ದುಡಿಯುವವರೆಷ್ಟು, ಅವರಿಗೆ ಸಲ್ಲುವುದೆಷ್ಟು ಎಂಬ ಸರಳವಾದ ಪ್ರಶ್ನೆಗೆ ಒಂದೇ ಪುಟದಲ್ಲಿ ಉತ್ತರ ಸಿಕ್ಕದಿರುವುದು ಒಳ್ಳೆಯ ಲೆಕ್ಕದ ಲಕ್ಷಣವಲ್ಲವೆಂದು ಹೇಳದಿರಲಾಗದು. ಕೇಂದ್ರ ಸರ್ಕಾರದ ಆಯವ್ಯಯ ದಾಖಲೆಗಳಲ್ಲಿ ಒಂದೊಂದು ಮಂತ್ರಿಖಾತೆಯ ನೌಕರರ ಅಂದಾಜು ಸಂಖ್ಯೆಯನ್ನೂ ಅದಕ್ಕೆ ತಕ್ಕ ಹಣವನ್ನೂ ಅಕ್ಕಪಕ್ಕದಲ್ಲಿ ಕೊಡುವ ತಖ್ತೆಯೊಂದಿರುತ್ತದೆ. ಆ ಮಾದರಿ ಅನುಕರಣೀಯ.

ಇದಕ್ಕೆ ಸೇರಿದ ಇನ್ನೊಂದು ಭ್ರಾಂತಿಯನ್ನೂ ಇಲ್ಲಿಯೇ ಹೇಳಿಬಿಡುವೆನು. ಸಂಬಳವನ್ನು ಆಡಳಿತವೆಚ್ಚವೆಂದೂ, ಬೀಜ ಗೊಬ್ಬರಗಳ ರಿಯಾಯಿತಿಯನ್ನು ಅಭಿವೃದ್ಧಿವೆಚ್ಚವೆಂದೂ ಬೇರ್ಪಡಿಸಿ, ಮೊದಲನೆಯದು ಕಡಿಮೆಯಾದಷ್ಟೂ ರೈತನಿಗೆ ಲಾಭವೆಂದು ಎಣಿಸುವುದು ವಾಡಿಕೆಯಾಗಿಬಿಟ್ಟಿದೆ. ಯೋಜನೆ, ಯೋಜನೇತರ ಎಂಬ ಹಳೆಯ ವಿಂಗಡಣೆಯು ಈ ಭಾವನೆಗೆ ಪುಷ್ಟಿ ಕೊಟ್ಟಿತ್ತು. 2017-18ರಿಂದ ಆ ವಿಂಗಡಣೆಯೇ ರದ್ದಾಗಿದೆ, ಭಾವನೆ ಮಾತ್ರ ಉಳಿದಿದೆ. ಕಟ್ಟಡ ಕಟ್ಟುವ ಇಲಾಖೆಗೆ ಈ ಮಾತು ಸ್ವಲ್ಪಮಟ್ಟಿಗೆ ಹೊಂದಬಹುದು. ತಿಳಿವಳಿಕೆಯನ್ನು ಮನೆಬಾಗಿಲಿಗೆ ಒಯ್ಯುವ ಇಲಾಖೆಗೆ ಹೊಂದುವುದಿಲ್ಲ. ಮಲೆನಾಡಿನ ಅಡಿಕೆಯ ಕೊಳೆರೋಗವನ್ನೇ ನೋಡಿರಿ. 1913ರಲ್ಲಿ ಮೈಸೂರು ಕೃಷಿ ಇಲಾಖೆಯ ನಿರ್ದೇಶಕರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅದಕ್ಕೆ ಮೊದಲೇ ಈ ರೋಗವನ್ನು ಕುರಿತು ಸಂಶೋಧನೆ ಮಾಡಿ ಬೋರ್ಡೋ ದ್ರಾವಣದ ಸಿಂಪಡಿಕೆಯನ್ನು ಬಳಕೆಗೆ ತಂದರು. ಮೈಲುತುತ್ತವೂ ಸುಣ್ಣವೂ ಅಂಗಡಿಯಲ್ಲಿ ಸಿಕ್ಕುವ ಪದಾರ್ಥಗಳು. ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಮಳೆಗೆ ಮುಂಚೆ ಯಾವಾಗ ಗೊನೆಗೆ ಹಿಡಿಸಬೇಕು ಎಂಬುದನ್ನು ತೋಟದಲ್ಲಿ ನಿಂತು ತೋರಿಸಿಕೊಡುವ ಮನುಷ್ಯ ಬೇಕಾಗಿತ್ತು. ಅಂಥವನ ಸಂಬಳವು ಆಡಳಿತವೆಚ್ಚವೆಂದರೆ ಗೊನೆ ಉಳಿದುದು ಯಾವ ವೆಚ್ಚದಿಂದ?

ಉಳಿತಾಯದ ವಿಚಾರಕ್ಕೆ ಬರೋಣ. ಖಾಲಿಯಿರುವ ಹುದ್ದೆಗಳಿಗೆ ಹಣವಿಟ್ಟು ನೇಮಕ ನಡೆಯದೆ ಹೋದಾಗ ಆ ಹಣವನ್ನು ಬೀಜಕ್ಕೋ ಮಣ್ಣು ಪರೀಕ್ಷೆಗೋ ಏಕೆ ಉಪಯೋಗಿಸಬಾರದೆಂದು ಅನೇಕರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಒಂದು ಬೇಡಿಕೆಯೊಳಗೇ ಒಂದು ಶೀರ್ಷಿಕೆಯಿಂದ ಮತ್ತೊಂದಕ್ಕೆ ಹಣವನ್ನು ಬದಲಾಯಿಸುವುದಕ್ಕೆ ಪುನರ್ವಿನಿಯೋಗವೆಂದು ಹೆಸರು. ಆದರೆ ಒಂದು ಬೇಡಿಕೆಯಿಂದ ಇನ್ನೊಂದು ಬೇಡಿಕೆಗೆ, ಮತಕ್ಕೆ ಒಳಪಟ್ಟ ಬಾಬಿನಿಂದ ಪ್ರಭೃತ ಬಾಬಿಗೆ, ರಾಜಸ್ವದಿಂದ ಬಂಡವಾಳಕ್ಕೆ ಹೀಗೆ ಬದಲಾಯಿಸುವುದು ನಿಷಿದ್ಧ; ಸಂಬಳದ ಸಾಲಿನಿಂದ ಬೇರೆ ಸಾಲಿಗೆ ಒಯ್ಯುವುದಕ್ಕೂ ಸಾಮಾನ್ಯವಾಗಿ ಹಣಕಾಸು ಇಲಾಖೆಯ ಒಪ್ಪಿಗೆಯಿಲ್ಲದೆ ಆಗುವುದಿಲ್ಲ. ಈ ಕಟ್ಟುನಿಟ್ಟಿಗೆ ಕಾರಣವುಂಟು. ಸಂಬಳದ ಹಣವನ್ನು ಇಷ್ಟಬಂದಂತೆ ತಿರುಗಿಸಲು ಬಿಟ್ಟರೆ, ಹುದ್ದೆಗಳನ್ನು ಖಾಲಿಯಿಟ್ಟು ಹಣವನ್ನು ಬೇರೆ ಕೆಲಸಕ್ಕೆ ಎಳೆಯುವ ಆಸೆಯು ಕಚೇರಿಗಳಿಗೆ ಹುಟ್ಟುವುದು. ವರ್ಷಮಧ್ಯದಲ್ಲಿ ಹೊಸಬರು ಬಂದಾಗ ಅವರಿಗೆ ಕೊಡಲು ಹಣವಿಲ್ಲದೆ ಹೋಗುವುದು. ಆದಕಾರಣ ಉಳಿದ ಹಣವನ್ನು ಸಕಾಲದಲ್ಲಿ ಹಣಕಾಸು ಇಲಾಖೆಗೆ ಒಪ್ಪಿಸಿಬಿಡುವುದೇ ಕ್ರಮ. ಇದಕ್ಕೆ ಅಧ್ಯರ್ಪಣೆಯೆಂದು ಹೆಸರು. ಬೇಗ ಒಪ್ಪಿಸಿದರೆ ಬೇರೊಂದು ಇಲಾಖೆಯ ಕೊರತೆಯನ್ನು ತುಂಬುವ ಆಲೋಚನೆಗಾದರೂ ಆಧಾರವಾಗುವುದು. ಮಾರ್ಚ್ 31ರಂದು ಒಪ್ಪಿಸಿದರೆ ಯಾರಿಗೂ ಪ್ರಯೋಜನವಿಲ್ಲ. ಒಪ್ಪಿಸದೆಯೇ ಬಿಟ್ಟರೆ ಹಣವು ತಾನಾಗಿ ಸತ್ತುಹೋಗುವುದು.

ಸಂಬಳದ ಬಾಬಿನಲ್ಲಿ ವರ್ಷವರ್ಷವೂ ಉಳಿತಾಯ ಕಂಡುಬಂದರೆ ಅದನ್ನು ಜಾಣತನದ ಉಳಿತಾಯವೆಂದು ಹೊಗಳುವುದು ಸರಿಯಲ್ಲ. ಬಿತ್ತನೆಯ ಬೀಜವನ್ನು ಕಣಜದಲ್ಲಿಯೇ ಇಟ್ಟುಕೊಂಡು, ಈ ವರ್ಷ ಬೀಜದ ಖರ್ಚು ಉಳಿಯಿತೆಂದು ಹೇಳುವ ಒಕ್ಕಲಿಗನನ್ನು ಯಾರಾದರೂ ಮಿತವ್ಯಯಿಯೆನ್ನುವರೇ? ನೇಮಕಾತಿಯ ವಿಳಂಬಕ್ಕೆ ನ್ಯಾಯಾಲಯದ ವ್ಯವಹಾರ, ಮೀಸಲಾತಿಯ ಪಟ್ಟಿ, ಪರೀಕ್ಷೆಯ ಅಡಚಣೆ ಮೊದಲಾದ ನೂರು ಕಾರಣಗಳಿರಬಹುದು. ಅವು ಇಲಾಖೆಯ ಕೈಮೀರಿದವೂ ಆಗಿರಬಹುದು. ಆದರೆ ಲೆಕ್ಕದಲ್ಲಿ ಕಾಣುವ ಉಳಿತಾಯವು ಆ ವರ್ಷ ನಡೆಯದೆ ಹೋದ ಕೆಲಸದ ಅಳತೆಯೆಂಬುದನ್ನು ಮರೆಯಬಾರದು.

ಹಣವು ನೌಕರನ ಕೈಸೇರುವ ದಾರಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಬಟವಾಡೆ ಅಧಿಕಾರಿಯೆನಿಸಿಕೊಂಡವರು ತಿಂಗಳ ಸಂಬಳದ ಬಿಲ್ಲನ್ನು ಈಗ ಎಚ್.ಆರ್.ಎಂ.ಎಸ್. ಎಂಬ ಗಣಕವ್ಯವಸ್ಥೆಯಲ್ಲಿ ಸಿದ್ಧಪಡಿಸಿ ಖಜಾನೆಗೆ ಕಳುಹಿಸುವರು. ಖಜಾನೆಯವರು ಖಜಾನೆ-2 ಎಂಬ ವ್ಯವಸ್ಥೆಯಲ್ಲಿ ಆ ಶೀರ್ಷಿಕೆಯಡಿ ಹಣವಿದೆಯೇ ಎಂದು ನೋಡಿ ಪಾಸುಮಾಡುವರು. ಹಣವು ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುವುದು. ಕಂತಿನ ಬಿಡುಗಡೆ ತಡವಾಗಿ ಆ ಸಾಲಿನಲ್ಲಿ ಹಣವಿಲ್ಲದಿದ್ದರೆ ಬಿಲ್ಲು ಹಿಂದಿರುಗುವುದು. ಖಜಾನೆಯ ಲೆಕ್ಕವು ತಿಂಗಳು ತಿಂಗಳಿಗೂ ಮಹಾಲೇಖಪಾಲರ ಕಚೇರಿಗೆ ಹೋಗುತ್ತದೆ. ಇಲಾಖೆಯ ನಿಯಂತ್ರಣಾಧಿಕಾರಿಗಳು ತಮ್ಮ ಪುಸ್ತಕದ ಅಂಕಿಯನ್ನು ಅವರ ಅಂಕಿಯೊಡನೆ ತಾಳೆನೋಡತಕ್ಕದ್ದು. ಇದು ಬೇಸರದ ಕೆಲಸ. ಆದರೆ ಒಂದು ಕಚೇರಿಯ ಸಂಬಳವು ಅಂಕಿಯೊಂದರ ತಪ್ಪಿನಿಂದ ಬೇರೊಂದು ಶೀರ್ಷಿಕೆಗೆ ಬಿದ್ದುದು ಹೊರಬೀಳುವುದು ಈ ತಾಳೆಯಿಂದಲೇ.

ಕಡೆಯದು ಲೆಕ್ಕ ಒಪ್ಪಿಸುವ ವಿಚಾರ. ವರ್ಷ ಮುಗಿದ ಮೇಲೆ ಎರಡು ಗ್ರಂಥಗಳು ಸಿದ್ಧವಾಗುವುವು. ಒಂದು ಹಣಕಾಸು ಲೆಕ್ಕಗಳು, ಮತ್ತೊಂದು ಧನವಿನಿಯೋಗ ಲೆಕ್ಕಗಳು. ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ ದೃಢೀಕರಣದೊಡನೆ, 151ನೆಯ ಅನುಚ್ಛೇದಕ್ಕೆ ಅನುಸಾರವಾಗಿ ಇವು ರಾಜ್ಯಪಾಲರ ಮೂಲಕ ವಿಧಾನಮಂಡಲದ ಮುಂದೆ ಬರುವುವು. ಧನವಿನಿಯೋಗ ಲೆಕ್ಕದಲ್ಲಿ ಪ್ರತಿ ಬೇಡಿಕೆಗೂ ಮೂಲ ಅನುದಾನವೆಷ್ಟು, ಪೂರಕ ಅನುದಾನವೆಷ್ಟು, ಖರ್ಚಾದುದೆಷ್ಟು, ಉಳಿದುದು ಅಥವಾ ಮೀರಿದುದೆಷ್ಟು, ಉಳಿದುದರಲ್ಲಿ ಒಪ್ಪಿಸಿದುದೆಷ್ಟು ಎಂದು ಒಂದರ ಮುಂದೊಂದು ಬರೆದಿರುವುದು. ವ್ಯತ್ಯಾಸವು ದೊಡ್ಡದಾಗಿದ್ದ ಕಡೆ ಕಾರಣವನ್ನು ಕೇಳಿ ಷರಾ ಹಾಕಿರುವರು. ಹುದ್ದೆಗಳು ಖಾಲಿಯಿದ್ದುದರಿಂದ ಉಳಿತಾಯವಾಯಿತೆಂಬ ಷರಾ ಇಲ್ಲಿ ಹೊಸದಲ್ಲ. ಇಲಾಖೆಯು ಕಾರಣವನ್ನೇ ತಿಳಿಸಿಲ್ಲವೆಂಬ ಷರಾವೂ ಕೆಲವೊಮ್ಮೆ ಇರುವುದು. ಅದನ್ನು ಯಾವ ಇಲಾಖೆಯೂ ಹೆಮ್ಮೆಯಿಂದ ಓದಲಾರದು. ಖರ್ಚು ಮಂಜೂರಾತಿಯನ್ನು ಮೀರಿದ್ದರೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ವಿಚಾರಣೆ ಮಾಡಿದ ಮೇಲೆ ಸಭೆಯಿಂದ ಅದನ್ನು ಸಕ್ರಮಗೊಳಿಸಿಕೊಳ್ಳಬೇಕು. ಹಣಕಾಸು ಲೆಕ್ಕಗಳ ಎರಡನೆಯ ಸಂಪುಟದ ಮೊದಲನೆಯ ಅನುಬಂಧವು ಸಂಬಳದ ಖರ್ಚಿಗೇ ಮೀಸಲಾಗಿದೆ. ಅಲ್ಲಿ 2401ರ ಎದುರಿನ ಎರಡು ವರ್ಷಗಳ ಅಂಕಿಗಳು ಅಕ್ಕಪಕ್ಕದಲ್ಲಿ ಸಿಕ್ಕುವುವು. ಒಂದು ಎಚ್ಚರಿಕೆ ಮಾತ್ರ: ಸರ್ಕಾರದ ಲೆಕ್ಕವು ನಗದಿನ ಲೆಕ್ಕ. ಕೊಡಬೇಕಾಗಿದ್ದು ಇನ್ನೂ ಕೊಡದೆ ಉಳಿದ ಬಾಕಿ ಭತ್ಯೆಗಳು, ಕೊಟ್ಟ ದಿನ ಯಾವ ವರ್ಷಕ್ಕೆ ಸೇರಿತೋ ಆ ವರ್ಷದ ಖರ್ಚಾಗಿ ಬರುವುವು.

ಇಷ್ಟು ದೊಡ್ಡ ಗ್ರಂಥಗಳನ್ನು ತಿರುವಿಹಾಕಲು ಬಿಡುವಿಲ್ಲದ ರೈತರಿಗೆ ಹತ್ತಿರದ ದಾರಿಯೊಂದುಂಟು. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣದ ಪ್ರಕಾರ ಪ್ರತಿಯೊಂದು ಸರ್ಕಾರಿ ಪ್ರಾಧಿಕಾರವೂ ತನ್ನ ಅಧಿಕಾರಿಗಳ ಮತ್ತು ನೌಕರರ ಪಟ್ಟಿಯನ್ನೂ, ಒಬ್ಬೊಬ್ಬರ ಮಾಸಿಕ ವೇತನವನ್ನೂ, ತನಗೆ ಹಂಚಿಕೆಯಾದ ಆಯವ್ಯಯ ಮತ್ತು ಬಟವಾಡೆಯ ವರದಿಯನ್ನೂ ಯಾರೂ ಕೇಳದೆಯೇ ಪ್ರಕಟಿಸತಕ್ಕದ್ದು. ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಈ ಪಟ್ಟಿಯನ್ನು ತೋರಿಸಿರೆಂದು ಕೇಳಲು ಸಂಕೋಚಪಡಬೇಕಾದುದಿಲ್ಲ. ಪಟ್ಟಿ ಸಿಕ್ಕದಿದ್ದರೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಬಹುದು. 30 ದಿವಸಗಳೊಳಗೆ ಉತ್ತರ ಬರತಕ್ಕದ್ದು. ಅರ್ಜಿಯಲ್ಲಿ ಉದ್ದವಾಗಿ ಬರೆಯುವುದರಿಂದ ಪ್ರಯೋಜನವಿಲ್ಲ. ಇಂಥ ವರ್ಷದ ಮಾರ್ಚ್ 31ಕ್ಕೆ ಈ ಕಚೇರಿಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾಗಿದ್ದವೆಷ್ಟು, ಗುತ್ತಿಗೆಯವರೆಷ್ಟು, ಸಂಬಳಕ್ಕೆ ಬಂದ ಹಣವೆಷ್ಟು, ಅದರಲ್ಲಿ ಒಪ್ಪಿಸಿದುದೆಷ್ಟು ಎಂಬ ಐದು ಅಂಕಿಗಳನ್ನು ಕೇಳಿದರೆ ಸಾಕು. ಮುಂಗಾರಿನ ಕೆಲಸ ಹತ್ತುವುದಕ್ಕೆ ಮುಂಚೆ, ಏಪ್ರಿಲ್ ಕೊನೆಯ ಹೊತ್ತಿಗೆ ಕೇಳುವುದು ಅನುಕೂಲ. ಹಿಂದಿನ ವರ್ಷದ ಬಟವಾಡೆಯ ಲೆಕ್ಕವು ಅಷ್ಟರಲ್ಲಿ ಕಚೇರಿಯಲ್ಲಿಯೇ ಸಿದ್ಧವಾಗಿರುವುದು.